ಮೂರರ ಬದಲು ಒಂದು

ಮಲ್ಲಕೂಟ ಎಂದಾಗ ಗರಡಿಮನೆಯೇ ಇರಬೇಕು ಅಂದುಕೊಂಡಿದ್ದೆ.
ಇಲ್ಲಿರುವುದು ಒಂದು ಬೇಕರಿ, ಒಂದು ಪೆಟ್ರೋಲ್ ಬಂಕು,
ನಾನು ಗುಳಿಗೆ ಎಣಿಸುವ ಅಂಗಡಿ,
ಸಮುದ್ರಕ್ಕೆ ಹೋಗಲೋ ಬೇಡವೋ ಎಂದು
ಮರಳದಿಬ್ಬದ ಹಿಂದೆ ಮಲಗಿರುವ ಹಿನ್ನೀರು.

ಮಲ್ಲನೆಂದರೆ ಒಬ್ಬನೇ, ಮರ್ವಿನ್ ಟಕ್‌ವೆಲ್,
ಎಂಬತ್ತಕ್ಕೆ ಎರಡು ಕಮ್ಮಿ.
ಕುಸ್ತಿ ಅವನ ಎರಡು ಕೈಗಳ ನಡುವೆ:
ಬಲಗೈ ನಡುಗುತ್ತದೆ, ಎಡಗೈ ಅದನ್ನು ಹಿಡಿದು ಕೂರಿಸುತ್ತದೆ.
ನಡುಕದ ಮಾತ್ರೆ ಕೊಡುವವಳು ನಾನೇ.
ಅದು ಏನನ್ನು ನಿಲ್ಲಿಸುತ್ತದೆ ಗೊತ್ತು,
ಏನನ್ನು ನಿಲ್ಲಿಸುವುದಿಲ್ಲ, ಅದೂ.

ಭಾನುವಾರ ಅವನ ಶೆಡ್ಡು.
ಬೆರಳುದ್ದದ ಮರದ ಮೀನುಗಳು
ಕಣ್ಣಿಗೆ ಬಣ್ಣ ಹಾಕಿಸಿಕೊಂಡು ಸಾಲಾಗಿ ಒಣಗುತ್ತಿವೆ.
ನಿಜದ ಮೀನಿಗೆ ಹೇಳುವ ಸುಳ್ಳುಗಳು.
ಹೊಟ್ಟೆಗೊಂದು, ಬಾಲಕ್ಕೊಂದು ಮೂರುಮೊನೆ ಕೊಕ್ಕೆ.
"ಅವನ್ನೆಲ್ಲ ಬಿಚ್ಚು" ಅಂದ ಮೊದಲ ದಿನ,
"ಒಂದೊಂದು ಕಡೆ ಒಂದೇ ಮೊನೆ ಸಾಕು."

ಬಿಚ್ಚುವುದೇನು ಸುಲಭವಲ್ಲ.
ಎರಡು ಸುತ್ತಿನ ಉಂಗುರ, ನನ್ನ ಕಾಲುಂಗುರದ ಮರಿಮಗಳಷ್ಟು.
ಇಕ್ಕಳದಿಂದ ಸುತ್ತು ಅಗಲಿಸಿ
ಹಳೆಯದನ್ನು ನೂಕುತ್ತಲೇ ಹೊಸದನ್ನು ತೂರಿಸಬೇಕು,
ಛತ್ರದಲ್ಲಿ ಒಂದು ಪಂಕ್ತಿ ಏಳುವ ಮೊದಲೇ
ಕುರ್ಚಿಯ ಹಿಂದೆ ನಿಂತ ಮುಂದಿನ ಪಂಕ್ತಿಯ ಹಾಗೆ.

ಹೊಟ್ಟೆಯ ಕೊಕ್ಕೆಯ ಮೊನೆ ಮೂತಿಯ ಕಡೆಗೆ,
ಬಾಲದ್ದು ಮೇಲಕ್ಕೆ, ಆಕಾಶ ನೋಡುವಂತೆ.
ತಿರುಗುಮುರುಗಾದರೆ ಮರ್ವಿನ್ ಕೆಮ್ಮುತ್ತಾನೆ.
ಗಳಕ್ಕೆ ದೀರ್ಘ ಎಳೆದರೆ ಗಾಳ,
ಒಂದೇ ಗೀರಿಗೆ ಬಿದಿರು ಹೋಗಿ ಉಕ್ಕಾಗುತ್ತದೆ ಎಂದು
ಅವನಿಗೆ ಹೇಗೆ ಹೇಳಲಿ?

ಕೊಕ್ಕೆ ಹಗುರಾದರೆ ಮೀನು ಸರಿಯಾಗಿ ಈಜದಂತೆ.
ಅಂಗಡಿಗೆ ಬೀಗ ಹಾಕಿದ ಮೇಲೆ ಕಳ್ಳಿಯ ಹಾಗೆ
ಔಷಧದ ತಕ್ಕಡಿಯಲ್ಲಿ ತೂಗಿದೆ:
ಮೂರುಮೊನೆಯದು ಒಂದೂಕಾಲು ಗ್ರಾಂ,
ಒಂಟಿಯದು ಅದರ ಅರ್ಧ.
ಒಂದು ಸೈಜ್ ದೊಡ್ಡದು ಹಾಕಿದೆವು. ಇನ್ನೂ ಒಂದು.
ಆಮೇಲೆ ಅವನ ಬಚ್ಚಲ ತೊಟ್ಟಿಯಲ್ಲಿ ಪರೀಕ್ಷೆ.
ಹೆಂಡತಿ ಐವಿಯ ಗುಲಾಬಿ ಸೋಪು ಇನ್ನೂ ಅಲ್ಲೇ,
ಬಿರುಕು ಬಿಟ್ಟು. ಅವನೂ ಮುಟ್ಟಲಿಲ್ಲ, ನಾನೂ.
ಮೊಣಕಾಲೂರಿ ದಾರ ಎಳೆದೆ.
ಕಮೋಡಿನ ಮುಚ್ಚಳದ ಮೇಲೆ ತೀರ್ಪುಗಾರ.
ಮರದ ಮೀನು ಸೊಂಟ ಕುಣಿಸಿತು.
"ಹೂಂ" ಅಂದ. ಅವನ ಭಾಷೆಯಲ್ಲೂ ಹೂಂ ಅಂದರೆ ಹೂಂ.

ಯಾಕೆ ಒಂದೇ, ಅಂತ ಕೇಳಿದ್ದೆ.
ಫ್ಲಾಟ್‌ಹೆಡ್‌ಗಳಲ್ಲಿ ದೊಡ್ಡವೆಲ್ಲ ಹೆಣ್ಣು, ಅಂದ.
ಹೊಟ್ಟೆ ತುಂಬ ಮೊಟ್ಟೆ. ಬಿಡಲೇಬೇಕು.
ಮೂರು ಮೊನೆ ಕಿವಿರಿಗೆ ಸಿಕ್ಕರೆ
ಬಿಟ್ಟೆ ಅನ್ನುವುದು ಬರೀ ಬಾಯಿಮಾತು.
ಕೊಕ್ಕೆಯ ಒಳಮುಳ್ಳನ್ನೂ ಜಜ್ಜಿಸಿದ,
ಹೋದದ್ದು ಬಂದ ದಾರಿಯಲ್ಲೇ ವಾಪಸು ಬರಲಿ ಅಂತ.
ಮುಂದಿನ ವಾರ ನನ್ನ ಹೆಬ್ಬೆರಳಿನಿಂದ ಹಾಗೇ ಬಂತು.

ಮೀನು ತಿನ್ನದ ಮನೆಯವಳು,
ಹರಿಹರದ ಹೊಳೆದಂಡೆಯಲ್ಲಿ ಮೂಗು ಮುಚ್ಚಿ ನಡೆದವಳು.
ಫೋನಿನಲ್ಲಿ ಅಕ್ಕ: ಕೊಲ್ಲೋ ಕೆಲಸಕ್ಕೆ ಕೈ ಹಾಕಿದೀಯಲ್ಲೇ!
ಬಿಡೋ ಕೆಲಸ ಕಣೆ, ಅಂದೆ.
ಅವಳು ನಂಬಲಿಲ್ಲ.
ನಾನೂ ಪೂರ್ತಿ ನಂಬಿದ್ದೆ ಅನ್ನಲಾರೆ:
ಚಿಕ್ಕವನ್ನು ಮರ್ವಿನ್ ಬೆಣ್ಣೆಯಲ್ಲಿ ಹುರಿಯುತ್ತಾನೆ.

ಇವತ್ತು ಬೆಳಿಗ್ಗೆ ದೋಣಿಯಲ್ಲಿ
ನಾನು ಎಸೆದದ್ದು ಹತ್ತು ಸಲ, ಬಂದದ್ದು ಪಾಚಿ.
ಅವನು ಗಳ ಹಿಡಿದು ಸುಮ್ಮನೆ ಕೂತ.
ಕೈಯ ನಡುಕ ಗಳಕ್ಕಿಳಿದು, ದಾರಕ್ಕಿಳಿದು,
ತಳದಲ್ಲಿ ಆ ಮರದ ತುಂಡು
ಪ್ರಾಣಭಯದ ಮೀನಿನ ಹಾಗೆ ಅದುರಿತು.
ಎರಡೇ ನಿಮಿಷ. ಗಳ ಬಾಗಿತು.

"ಏಳು ಗಂಟೆಯ ಮಾತ್ರೆ ತಗೊಂಡಿಲ್ಲ" ಅಂದ,
ನನ್ನ ಮುಖ ನೋಡದೆ.
ಗಡಿಯಾರ ನೋಡಿದೆ. ಒಂಬತ್ತೂಕಾಲು.
ಬಲೆಯ ಸೌಟು ಕೈಗೆತ್ತಿಕೊಂಡು
ನೀರಿಗೆ ಬಾಗಿದೆ.